ಗಂಗಕ್ಕನ ಫೋನು, ನೂರ ಹನ್ನೆರಡು ಮನೆ

ಕರಿಬಂಡೆಹಟ್ಟಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸಿದರೆ ತುದಿಯಲ್ಲಿ ಗುಡ್ಡದ ರಂಗಪ್ಪಸ್ವಾಮಿ ಪ್ರಸನ್ನ, ಬುಡದಲ್ಲಿ ಗಂಗಕ್ಕನ ಮನೆಯ ಫೋನ್ ನಂಬರು. ಇವೆರಡು ಸರಿಯಾಗಿದ್ದರೆ, ನಡುವೆ ವಧೂವರರ ಹೆಸರಿನಲ್ಲಿ ಒಂದೆರಡು ಅಕ್ಷರ ಹೆಚ್ಚುಕಡಿಮೆಯಾದರೂ ಯಾರೂ ಜಗಳಕ್ಕೆ ಹೋಗುತ್ತಿರಲಿಲ್ಲ. ಹಿರಿಯೂರಿನ ಪ್ರೆಸ್ಸಿನವನೂ ಜಾಣ. ಆ ನಂಬರಿನ ಅಚ್ಚುಮೊಳೆಗಳನ್ನು ಒಮ್ಮೆ ಜೋಡಿಸಿ, ದಾರ ಸುತ್ತಿ, ಡಬ್ಬಿಯಲ್ಲಿಟ್ಟುಬಿಟ್ಟಿದ್ದ. ಹಟ್ಟಿಯವರು ಬಂದರೆ ಹೆಸರು ಬದಲಾಗುತ್ತಿತ್ತು, ಮುಹೂರ್ತ ಬದಲಾಗುತ್ತಿತ್ತು, ನಂಬರಿನ ಗಂಟು ಮಾತ್ರ ಹಾಗೇ ಬಂದು ಕೂರುತ್ತಿತ್ತು.

ನಂಬರಿನ ಪಕ್ಕದಲ್ಲಿ ‘ಪಿ.ಪಿ.’ ಎಂದು ಎರಡು ಅಕ್ಷರ. ಹಾಗೆಂದರೆ ಏನೆಂದು ಊರಲ್ಲಿ ಯಾರನ್ನು ಕೇಳಿದರೂ ಗೊತ್ತಿರಲಿಲ್ಲ. ಆದರೆ ಅದರ ತಾತ್ಪರ್ಯ ಹಸುಗೂಸಿಗೂ ಗೊತ್ತಿತ್ತು: ಫೋನು ನಮ್ಮ ಮನೆಯಲ್ಲಿಲ್ಲ, ಆದರೂ ನೀವು ಮಾಡಿ, ನಮ್ಮನ್ನು ಕರೆಯುತ್ತಾರೆ.

ಈ ಫೋನು ಬಂದದ್ದು ಕುರಿಗಳಿಂದ. ಗಂಗಕ್ಕನ ಗಂಡ ಮುದ್ದಣ್ಣ ಪ್ರತಿವರ್ಷ ಕಾರ್ತಿಕ ಕಳೆದ ಮೇಲೆ ಮಂದೆ ಹೊಡೆದುಕೊಂಡು ಭದ್ರಾ ನಾಲೆಯ ಸೀಮೆಗೆ ಹೋಗುತ್ತಿದ್ದ. ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ, ಊರಿಂದ ಊರಿಗೆ ಸಾಗಿ, ಮುಂಗಾರಿಗೆ ಹಿಂದಿರುಗುವುದು. ಅಲ್ಲಿಯವರೆಗೆ ಅವನು ಎಲ್ಲಿದ್ದಾನೆಂಬುದು ಅವನಿಗೂ ಗುಡ್ಡದ ರಂಗಪ್ಪನಿಗೂ ಬಿಟ್ಟು ಮೂರನೆಯವರಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ತೊಂಬತ್ತೇಳನೆಯ ಇಸವಿಯಲ್ಲಿ ಹಟ ಹಿಡಿದು ಮನೆಗೆ ಫೋನು ಹಾಕಿಸಿದ. ಅಂದಿನಿಂದ ಪ್ರತಿ ಸೋಮವಾರ ಸಂಜೆ, ಯಾವುದೋ ಊರಿನ ಎಸ್‌.ಟಿ.ಡಿ. ಬೂತಿನಲ್ಲಿ ಕಂಬಳಿ ಹೊದ್ದು ನಿಂತು ಮನೆಗೆ ಮಾತಾಡುತ್ತಿದ್ದ.

ಗಂಗಕ್ಕ ಅದನ್ನು ದೇವರ ಗೂಡಿನಲ್ಲಿಟ್ಟಳು. ಅಲ್ಲಿ ದೀಪದ ಪಕ್ಕ ರಾಗಿ ಅಳೆಯುವ ಕೊಳಗವೊಂದಿತ್ತು. ಅದನ್ನು ಬೋರಲು ಹಾಕಿ ಮೇಲೆ ಫೋನನ್ನು ಕೂರಿಸಿ ಕುಂಕುಮ ಇಟ್ಟಳು. ಕೊಳಗ ಮತ್ತೆ ಅಳತೆಗೆ ಇಳಿಯಲಿಲ್ಲ. ಚಪ್ಪಲಿ ಹಾಕಿಕೊಂಡು ಯಾರೂ ಆ ಫೋನಿನಲ್ಲಿ ಮಾತಾಡುವಂತಿರಲಿಲ್ಲ. ಸುಳ್ಳು ಹೇಳುವಂತೆಯೂ ಇರಲಿಲ್ಲ. ಹೇಳುವವರು ಹೇಳುತ್ತಿದ್ದರು, ಆದರೆ ಮೊದಲು ಕೆನ್ನೆ ಬಡಿದುಕೊಂಡು.

ಊರಿನ ಯಾರಿಗೆ ಫೋನು ಬಂದರೂ ಗಂಗಕ್ಕ, “ಐದು ನಿಮಿಷ ಬಿಟ್ಟು ಹಾಕ್ರಿ” ಎಂದು ಇಟ್ಟು, ಅಂಗಳಕ್ಕೆ ಬಂದು ಜಾಗಟೆ ಹೊಡೆಯುತ್ತಿದ್ದಳು. ಒಂದು ಬಡಿತವಾದರೆ ಮೇಲಿನ ಕೇರಿಗೆ. ಎರಡಾದರೆ ನಡುವಿನ ಕೇರಿಗೆ. ಮೂರಾದರೆ ಗೋಮಾಳದ ಕಡೆಯ ಮನೆಗಳಿಗೆ. ಬಡಿತದ ಬೆನ್ನಿಗೆ ಹೆಸರು ಕೂಗುವುದು. ಆ ಹೆಸರು ಒಂದು ಜಗುಲಿಯಿಂದ ಇನ್ನೊಂದಕ್ಕೆ, ಜಗುಲಿಯಿಂದ ಕಣಕ್ಕೆ, ಕಣದಿಂದ ಹೊಲಕ್ಕೆ ದಾಟುವುದು. ಹೆಸರಿನವರು ಎಲ್ಲಿದ್ದರೂ ಐದು ನಿಮಿಷದೊಳಗೆ ಏದುಸಿರು ಬಿಡುತ್ತ ಹೊಸಿಲಲ್ಲಿ ಹಾಜರು. ಈ ವ್ಯವಸ್ಥೆಯನ್ನು ಯಾರೂ ಕುಳಿತು ಯೋಚಿಸಿ ಮಾಡಿದ್ದಲ್ಲ. ಹುಣಿಸೆಮರದ ಕೆಳಗೆ ನೆರಳು ಬೀಳುವ ಹಾಗೆ ತಾನಾಗಿ ಆದದ್ದು.

ಇಂಥ ಊರಿಗೆ ಎರಡು ಸಾವಿರದ ಮೂರನೆಯ ಇಸವಿಯ ಕೊನೆಗೆ ದೇಶವನ್ನು ಅಳೆಯುವ ಕೆಲಸ ಬಂತು. ಅಳೆಯುವವನು ದಾಸಣ್ಣ.

ದಾಸಣ್ಣ ಪಂಚಾಯ್ತಿಯ ಬಿಲ್ ಕಲೆಕ್ಟರು. ಆರಡಿ ಮೇಲೆ ಎರಡಂಗುಲ ಎತ್ತರದ, ಬಾಗಿಲುಗಳಿಗೆ ಹೆದರಿ ಹೆದರಿಯೇ ಬೆನ್ನು ಬಗ್ಗಿದ ಸಾಧು ಮನುಷ್ಯ. ಕಂದಾಯ ಕೇಳಲು ಹೋದರೆ ಕೇಳುವುದೊಂದನ್ನು ಬಿಟ್ಟು ಉಳಿದ ಕ್ಷೇಮಸಮಾಚಾರವೆಲ್ಲ ಮಾತಾಡಿ ಬರುತ್ತಿದ್ದ. ಆ ಡಿಸೆಂಬರಿನಲ್ಲಿ ತಾಲ್ಲೂಕಿನ ಹತ್ತಾರು ಊರುಗಳ ಬಿಲ್ ಕಲೆಕ್ಟರುಗಳನ್ನು ಹಿರಿಯೂರಿಗೆ ಕರೆಸಿ, ಚಿತ್ರದುರ್ಗದ ಅಂಕಿಅಂಶದ ಕಚೇರಿಯಿಂದ ಬಂದಿದ್ದ ಶ್ರೀನಿವಾಸ್ ಎಂಬ ಅಧಿಕಾರಿ ಪಾಠ ಹೇಳಿದರು. ಕಟ್ಟುನಿಟ್ಟಿನ ಮನುಷ್ಯ, ತಮ್ಮ ಕೈಗಡಿಯಾರವನ್ನು ಗೋಡೆ ಗಡಿಯಾರದೊಂದಿಗೆ ತಾಳೆ ನೋಡಿ, ಎರಡನ್ನೂ ನಂಬದವರು.

“ನೋಡ್ರಿ, ಈಗ ಪ್ರಪಂಚದಲ್ಲಿ ದೇಶಗಳನ್ನ ಹೊಸ ರೀತಿ ಅಳೀತಾರೆ. ಎಷ್ಟು ಮನೆಗೆ ಫೋನಿದೆ, ಎಷ್ಟು ಜನ ಕಂಪ್ಯೂಟರ್ ಮುಟ್ಟಿದಾರೆ, ಇಂಟರ್‌ನೆಟ್ ಎಷ್ಟು ಜನಕ್ಕೆ ಗೊತ್ತು ಅಂತ. ಲೆಕ್ಕ ಹಾಕಿ, ಶಾಲೇಲಿ ಪ್ರಾರ್ಥನೆಗೆ ಮಕ್ಕಳನ್ನ ನಿಲ್ಲಿಸ್ತಾರಲ್ಲ, ಹಾಗೆ ಸಾಲಾಗಿ ನಿಲ್ಲಿಸ್ತಾರೆ. ನಮ್ಮ ದೇಶ ಎಲ್ಲಿದೆ ಗೊತ್ತಾ? ನೂರು ದಾಟಿದ ಮೇಲೆ!”

ಉಳಿದವರು ಊಟ ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತಿದ್ದರು. ದಾಸಣ್ಣನಿಗೆ ಮಾತ್ರ ಎದೆಗೆ ಮುಳ್ಳು ನೆಟ್ಟಂತಾಯಿತು. ಪ್ರಾರ್ಥನೆಯ ಸಾಲು ಅವನಿಗೆ ಚೆನ್ನಾಗಿ ಗೊತ್ತಿತ್ತು. ಏಳು ವರ್ಷವೂ ಅವನು ಸಾಲಿನ ಕೊನೆ. ಆಗಸ್ಟ್ ಹದಿನೈದರಂದು ಮೇಷ್ಟ್ರು ಪೆಪ್ಪರಮೆಂಟು ಹಂಚುತ್ತ ಬಂದರೆ ಅವನ ತನಕ ಬರುವ ಹೊತ್ತಿಗೆ ತಟ್ಟೆಯಲ್ಲಿ ಸಕ್ಕರೆ ಪುಡಿ ಉಳಿದಿರುತ್ತಿತ್ತು. ಇಡೀ ದೇಶಕ್ಕೆ ಆ ಗತಿ ಬಂದಿದೆಯೆಂದರೆ!

“ನಮ್ಮೂರು ಸೇರಿದ್ರೆ ದೇಶ ಏನಾದ್ರೂ ಮುಂದಕ್ಕೆ ಬತ್ತೈತಾ ಸ್ವಾಮಿ?” ಎಂದು ಎದ್ದು ನಿಂತು ಕೇಳಿದ.

“ನಿಜ ಬರೆದರೆ ಎಲ್ಲ ಸರಿಹೋಗುತ್ತೆ. ಕೂತ್ಕೊಳಪ್ಪ, ಹಿಂದಿನವರಿಗೆ ಕಾಣಲ್ಲ” ಎಂದರು ಶ್ರೀನಿವಾಸ್.

ಮರುದಿನ ದಾಸಣ್ಣ ತುಂಬುತೋಳಿನ ಅಂಗಿ ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿ, ಗುಡ್ಡದ ರಂಗಪ್ಪನಿಗೆ ಕಾಯಿ ಒಡೆದು, ದೇಶ ಅಳೆಯಲು ಹೊರಟ. ಮೊದಲ ಮನೆ ನಡುವಿನ ಕೇರಿಯ ಕಾಳಕ್ಕನದು. ಕಾಳಕ್ಕನ ಬಾಯಿಗೆ ಊರೇ ಹೆದರುತ್ತಿತ್ತು. ದಾಸಣ್ಣ ಬಾಗಿಲ ಹೊರಗೇ ನಿಂತ.

“ಕಾಳಕ್ಕ, ನಿಮ್ಮನೇಗೆ ದೂರವಾಣಿ ಸೌಲಭ್ಯ ಐತಾ?”

“ಇಲ್ದೆ ಏನು? ಮೊನ್ನೆ ನನ್ನ ಮಗಳ ಮಾತು ಕೇಳಾಕೆ ಓಡಿಬಂದಾಗ ನೀನೇ ಅಡ್ಡ ನಿಂತಿದ್ದೆ, ಕಾಲು ತುಳ್ದೆ. ಮರ್ತ್ಯಾ?”

“ಅದು ಗಂಗಕ್ಕನ ಮನೇದಲ್ವೇನವ್ವ?”

“ಗಂಗಕ್ಕನ ಮನ್ಯಾಗೈತೆ. ಸೇದೋ ಬಾವಿ ಮಾರಮ್ಮನ ಗುಡಿ ಮುಂದೈತೆ. ಹಂಗಂತ ಮಾರಮ್ಮ ಒಬ್ಳೇ ನೀರು ಕುಡೀತಾಳಾ? ಬರ್ಕಳಲೇ!”

ಅಷ್ಟಕ್ಕೇ ಬಿಡದೆ ಒಳಗೆ ಹೋಗಿ, ತೊಲೆಗೆ ಸಿಕ್ಕಿಸಿದ್ದ ಮಗಳ ಲಗ್ನಪತ್ರಿಕೆ ತಂದು ಮುಖಕ್ಕೆ ಹಿಡಿದಳು. ಅಚ್ಚಾದ ಕಾಗದ. ಅದರ ಕೆಳಗೆ ನಂಬರು. ಸರ್ಕಾರದ ಫಾರಮ್ಮೂ ಅಚ್ಚಾದದ್ದು, ಇದೂ ಅಚ್ಚಾದದ್ದು. ಒಂದು ಇನ್ನೊಂದನ್ನು ಅಲ್ಲಗಳೆಯುವುದು ಹೇಗೆ? ದಾಸಣ್ಣ ‘ಇದೆ’ ಎಂದು ಬರೆದು, ನಂಬರನ್ನು ತಪ್ಪಿಲ್ಲದೆ ಇಳಿಸಿಕೊಂಡ.

ಮುಂದಿನ ಮನೆಯಲ್ಲಿ ಗೃಹಪ್ರವೇಶದ ಕಾರ್ಡು ಬಂತು. ಅದರ ಮುಂದಿನದರಲ್ಲಿ ತಿಥಿಯ ಕಾರ್ಡು. ಹಾಲಸ್ವಾಮಿಯ ಮನೆಯಲ್ಲಿ ಕಾರ್ಡಿರಲಿಲ್ಲ. ಅವನು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದ ನಂಬರನ್ನು ತೋರಿಸಿದ. ‘ಇಲ್ಲ’ ಎನ್ನಲು ಯಾರಿಗೂ ಮನಸ್ಸು ಬರಲಿಲ್ಲ. ಹಾಗೆಂದರೆ ಗಂಗಕ್ಕ ತಮ್ಮನ್ನು ಕರೆಯುವುದಿಲ್ಲ ಎಂದ ಹಾಗೆ. ಅದು ಸುಳ್ಳಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಗಂಗಕ್ಕನಿಗೆ ಅವಮಾನವಾಗುತ್ತಿತ್ತು.

ದಾಸಣ್ಣ ಮೋಸಗಾರನಲ್ಲ. ಕಂಪ್ಯೂಟರಿನ ಕಾಲಮ್ಮಿನಲ್ಲಿ ನೂರ ಹನ್ನೆರಡು ಸಲ ‘ಇಲ್ಲ’ ಎಂದು ಬರೆದ. ಇಂಟರ್‌ನೆಟ್ಟಿನಲ್ಲಿ ಮಾತ್ರ ಹಾಲಸ್ವಾಮಿಯ ಮನೆಯಲ್ಲಿ ಸ್ವಲ್ಪ ತಡವರಿಸಿದ.

“ಇಂಟರ್‌ನೆಟ್ ಬಳಸಿದ್ದೀರಾ ಹಾಲಸ್ವಾಮಿ?”

“ನಮ್ಮ ಹುಡುಗ ಎಸ್‌.ಎಸ್‌.ಎಲ್‌.ಸಿ. ಫೇಲು ಅಂತ ಮೊದ್ಲು ಹೇಳಿದ್ದೇ ಅದು. ಹಿರಿಯೂರಾಗೆ. ಅದು ಬಾಯಿ ಮುಚ್ಕಂಡಿದ್ರೆ ಇನ್ನೊಂದು ದಿನ ನೆಮ್ಮದಿಯಾಗಿ ಉಣ್ತಿದ್ವಿ.”

“ಹಂಗಾದ್ರೆ ಬಳಸಿದಂಗೇ” ಎಂದು ದಾಸಣ್ಣ ಸಹಾನುಭೂತಿಯಿಂದ ಗುರುತು ಹಾಕಿದ.

ಒಟ್ಟು ಮನೆ ನೂರ ಹನ್ನೆರಡು. ಫೋನಿರುವ ಮನೆ ನೂರ ಹನ್ನೆರಡು. ಫಾರಮ್ಮುಗಳ ಕಟ್ಟು ಚಿತ್ರದುರ್ಗಕ್ಕೆ ಹೋಯಿತು. ಅಲ್ಲಿ ಮೊದಲು ಒಟ್ಟು ಮೊತ್ತವನ್ನಷ್ಟೇ ನೋಡಿದವರ್ಯಾರೋ ದಂಗಾಗಿ, ಪಂಚಾಯ್ತಿಗೆ ಅಭಿನಂದನೆಯ ಕಾಗದ ಬರೆದುಬಿಟ್ಟರು.

ಪಂಚಾಯ್ತಿ ಅಧ್ಯಕ್ಷ ಮುರುಗಪ್ಪನಿಗೆ ಸನ್ಮಾನ ಮಾಡುವುದೆಂದರೆ ಪಂಚಪ್ರಾಣ, ಮಾಡಿಸಿಕೊಳ್ಳುವುದು ಆರನೆಯದು. ಶಾಲೆಯ ಮುಂದೆ ಪೆಂಡಾಲು ಹಾಕಿಸಿ, ದಾಸಣ್ಣನಿಗೆ ಶಾಲು ಹೊದಿಸಲು ಕುರ್ಚಿ ಹತ್ತಿ ನಿಂತು ಮಾತಾಡಿದ: “ದುರ್ಗದಾಗೂ ನೂರಕ್ಕೆ ನೂರಿಲ್ಲ! ಬೆಂಗ್ಳೂರಾಗೂ ಇಲ್ಲ! ನಮ್ಮ ಹಟ್ಟಿಯಾಗೈತೆ! ಇದ್ಕೆ ಕಾರಣ ಯಾರು?” ಎಲ್ಲರೂ ದಾಸಣ್ಣನ ಕಡೆ ನೋಡಿದರು. ಗಂಗಕ್ಕ ಬಂದಿರಲಿಲ್ಲ; ಮನೆಯಲ್ಲಿ ಫೋನು ನೋಡಿಕೊಳ್ಳಬೇಕಿತ್ತು.

ಅದೇ ವಾರ ಶ್ರೀನಿವಾಸ್ ಆ ಕಟ್ಟನ್ನು ಬಿಚ್ಚಿದರು. ಹತ್ತು ಮನೆಗೆ ಫೋನು ಮಾಡಿ ತಾಳೆ ನೋಡುವುದು ಅವರ ಕ್ರಮ. ಕಾಳಕ್ಕನ ಫಾರಂ ತೆಗೆದು ನಂಬರು ಒತ್ತಿದರು.

“ಹಲೋ, ಕಾಳಕ್ಕನವರ ಮನೆಯಾ?”

“ಕರೀತೀನಿ, ಐದು ನಿಮಿಷ ಬಿಟ್ಟು ಹಾಕ್ರಿ” ಎಂದಿತು ಹೆಣ್ಣುದನಿ. ಇಟ್ಟಿತು.

ಕಾಯುವುದೇಕೆಂದು ಶ್ರೀನಿವಾಸ್ ಹಾಲಸ್ವಾಮಿಯ ಫಾರಂ ತೆಗೆದರು.

“ಹಲೋ, ಹಾಲಸ್ವಾಮಿಯವರ ಮನೆಯಾ?”

“ಅವ್ನು ಹೊಲದಾಗವ್ನೆ. ಕೂಗಿಸ್ತೀನಿ. ಹತ್ತು ನಿಮಿಷ ಬಿಟ್ಟು ಹಾಕ್ರಿ.”

ದನಿ ಎಲ್ಲೋ ಕೇಳಿದಂತಿತ್ತು. ಮೂರನೆಯದಕ್ಕೆ ಮಾಡಿದರು.

“ಹಲೋ, ಪಾಲಮ್ಮನವರ...”

“ಏನಪ್ಪ, ನಿಂಗೆ ಊರೆಲ್ಲ ಬೇಕಾ? ಎಲೆಕ್ಷನ್ನಿಗೆ ನಿಂತಿದ್ದೀಯೇನು? ಅಂಗಳದಾಗೆ ಇಬ್ರು ಬಂದು ನಿಂತವ್ರೆ, ಅವ್ರ ಹತ್ರ ಮೊದ್ಲು ಮಾತಾಡು!”

ಆಗ ಶ್ರೀನಿವಾಸ್ ಕನ್ನಡಕ ಒರೆಸಿ, ಫಾರಮ್ಮುಗಳ ನಂಬರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ನೂರ ಹನ್ನೆರಡೂ ಒಂದೇ. ಎಲ್ಲದರ ಪಕ್ಕದಲ್ಲೂ ದಾಸಣ್ಣನ ದುಂಡಾದ ಅಕ್ಷರದಲ್ಲಿ ‘ಪಿ.ಪಿ.’

ಎರಡನೆಯ ಕಾಗದ ಬಂತು. ಅದರಲ್ಲಿ ಅಭಿನಂದನೆ ಇರಲಿಲ್ಲ. ಬರುವ ಸೋಮವಾರ ಖುದ್ದು ತನಿಖೆ. ವರದಿ ಸುಳ್ಳೆಂದು ಕಂಡರೆ ಬಿಲ್ ಕಲೆಕ್ಟರನನ್ನು ಕೆಲಸದಿಂದ ತೆಗೆಯುವುದು. ವರದಿ ನಿಜವಾಗಿದ್ದು, ಮನೆಯ ಫೋನೊಂದನ್ನು ಊರೆಲ್ಲ ಬಳಸುವುದು ಕಂಡುಬಂದರೆ ನಿಯಮದ ಪ್ರಕಾರ ಆ ಲೈನನ್ನು ಸ್ಥಳದಲ್ಲೇ ಕತ್ತರಿಸಲು ಲೈನ್‌ಮ್ಯಾನ್ ಜೊತೆಗೆ ಬರುವುದು.

ಮಾರಮ್ಮನ ಗುಡಿ ಮುಂದಿನ ಹುಣಿಸೆಮರದ ಕೆಳಗೆ ಊರು ಸೇರಿತು. ಶಾಲು ಹೊದಿಸಿದ ಮುರುಗಪ್ಪನೇ ಮೊದಲು ಬಾಯಿ ತೆಗೆದ.

“ದೇಶ ಮುಂದಕ್ಕೆ ತರಾಕೆ ಹೋಗಿ ಊರ ಫೋನು ಕೀಳಿಸ್ತೀಯಲ್ಲೋ ದಾಸಣ್ಣ! ನಿನ್ನನ್ಯಾರು ಕೇಳಿದ್ರು ದೇಶಾನ?”

“ನೀವೆಲ್ಲ ಐತೆ ಅಂದ್ರಿ, ಬರಕಂಡೆ.”

“ನಾವು ಐತೆ ಅಂದ್ರೆ ನೀನು ನಂಬೋದಾ? ಕಂದಾಯ ಕೇಳಾಕೆ ಬಂದಾಗ ಇಲ್ಲ ಅಂತೀವಿ, ಅದ್ನ ನಂಬ್ತೀಯ. ಇದ್ನೂ ನಂಬ್ತೀಯ. ಏನು ಮನ್ಷನೋ ನೀನು!” ಎಂದಳು ಕಾಳಕ್ಕ.

ಗಂಗಕ್ಕ ಒಂದು ಬದಿಗೆ ಕುಳಿತಿದ್ದಳು. ಪಕ್ಕದಲ್ಲಿ ಸೊಸೆ ರಮ್ಯಾ, ತುಂಬಿದ ಬಸುರಿ, ಇಂದೋ ನಾಳೆಯೋ ಎಂಬಂತೆ. ರಮ್ಯಾಳ ಗಂಡ ರಂಗೇಶನೂ ಅಪ್ಪನ ಜೊತೆ ಮಂದೆಯಲ್ಲಿದ್ದ. ಫೋನು ಹೋದರೆ ಮಗು ಹುಟ್ಟಿದ ಸುದ್ದಿ ಅವರಿಗೆ ತಿಳಿಯುವುದು ಮುಂಗಾರಿಗೆ. ಅದಕ್ಕಿಂತ ಮೊದಲು, ನೋವು ಕಾಣಿಸಿಕೊಂಡರೆ ಯಲ್ಲದಕೆರೆಯಿಂದ ಜೀಪು ಕರೆಯುವುದು ಹೇಗೆ? ಇದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಯಾರೂ ಆ ಕಡೆ ನೋಡುತ್ತಿರಲಿಲ್ಲ.

ಕೊನೆಗೆ ದಾಸಣ್ಣನೇ ಎದ್ದು ನಿಂತ. ಹುಣಿಸೆಯ ಕೊಂಬೆಗೆ ತಲೆ ತಾಗಿ ಮತ್ತೆ ಬಗ್ಗಿದ.

“ಒಂದು ಕೆಲ್ಸ ಮಾಡಾಣ. ಸಾಹೇಬ್ರು ಕೇಳಿದ್ರೆ ನೀವೆಲ್ಲ ಫೋನು ಇಲ್ಲ ಅಂದ್ಬಿಡ್ರಿ. ಗಂಗಕ್ಕನ ಫೋನು ಗಂಗಕ್ಕಂದು ಮಾತ್ರ. ನಾನು ಮನ್ಯಾಗೆ ಕುಂತು ತಪ್ಪು ಬರ್ದೆ ಅಂತ ಒಪ್ಕತೀನಿ. ಫೋನು ಉಳೀತೈತೆ.”

“ನಿನ್ನ ಕೆಲ್ಸ?” ಎಂದ ಹಾಲಸ್ವಾಮಿ.

“ಹನ್ನೊಂದು ವರ್ಷದಾಗೆ ಕಂದಾಯ ಯಾರು ಕಟ್ಟೀರಿ? ಆ ಕೆಲ್ಸ ಇದ್ರೂ ಒಂದೇ, ಹೋದ್ರೂ ಒಂದೇ.”

ಊರಿಗೆ ಊರೇ ತಲೆ ತಗ್ಗಿಸಿತು. ನಾಚಿಕೆಗೋ ಕಂದಾಯದ ನೆನಪಿಗೋ ತಿಳಿಯದು. ಗಂಗಕ್ಕ ಮಾತ್ರ ಹೇಳಿದಳು: “ನಾನು ಸುಳ್ಳು ಹೇಳಾಕಿಲ್ಲ ಕಣಪ್ಪ. ನನ್ನ ಮನೇ ತನಕ ಅವ್ರು ಬರದಂಗೆ ನೋಡ್ಕಳ್ರಿ.”

ಸೋಮವಾರ ಜೀಪು ಬಂತು. ಶ್ರೀನಿವಾಸರ ಜೊತೆ ಲೈನ್‌ಮ್ಯಾನ್ ಎರ್ರಿಸ್ವಾಮಿ, ಸೊಂಟದಲ್ಲಿ ಇಕ್ಕಳ. ಗಂಗಕ್ಕನ ಮನೆಯ ಮುಂದಿನ ಕಂಬ ಹತ್ತಿ ಕುಳಿತಿರಲು ಅವನಿಗೆ ಹೇಳಿದರು. “ನಾನು ಊರು ಸುತ್ತಿ ನೋಡ್ತೀನಿ. ನಿಜ ಅಂತ ಗೊತ್ತಾದ್ರೆ ಈ ಬಿಳಿ ಕರವಸ್ತ್ರ ಬೀಸ್ತೀನಿ. ಕತ್ತರಿಸಿಬಿಡು.” ಎರ್ರಿಸ್ವಾಮಿ ಹೂಂ ಎಂದು ಕಂಬ ಹತ್ತಿದ.

ಮೇಲಿನ ಕೇರಿ ಚೆನ್ನಾಗಿಯೇ ನಡೆಯಿತು. “ಫೋನಾ? ನಮಗೆಲ್ಲೀದು ಸ್ವಾಮಿ.” “ಕಂಡೇ ಇಲ್ಲ ಸ್ವಾಮಿ.” ಹಾಲಸ್ವಾಮಿ ಬೆನ್ನಿನಿಂದ ಗೋಡೆಯ ನಂಬರನ್ನು ಒರೆಸುತ್ತ ನಿಂತೇ ಮಾತಾಡಿದ, ಹೊರಗೆ ಬಂದಾಗ ಅಂಗಿಯ ಮೇಲೆ ಆರೂ ಅಂಕಿ ತಿರುಗುಮುರುಗಾಗಿ ಮೂಡಿದ್ದವು. ಶ್ರೀನಿವಾಸ್ ಪ್ರತಿ ಮನೆಯಲ್ಲೂ ‘ಸುಳ್ಳು ವರದಿ’ ಎಂದು ಬರೆದುಕೊಳ್ಳುತ್ತಿದ್ದರು. ಹಿಂದೆ ದಾಸಣ್ಣ, ತನ್ನ ಮೇಲಿನ ಆರೋಪಪಟ್ಟಿಗೆ ತಾನೇ ಪೆನ್ನು ಕೊಡುತ್ತ ನಡೆಯುತ್ತಿದ್ದ.

ನಡುವಿನ ಕೇರಿಯಲ್ಲಿ ಕಾಳಕ್ಕ ಬಾಗಿಲಿಗೆ ಅಡ್ಡ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

“ಅಮ್ಮ, ನಿಮ್ಮ ಮನೆಗೆ ಫೋನ್ ಸೌಲಭ್ಯ ಇದೆಯಾ?”

“ಫೋನಾ? ಹಂಗಂದ್ರೇನು ಸ್ವಾಮಿ?” ಎಂದಳು ಕಾಳಕ್ಕ, ಈಗಷ್ಟೇ ಕಣ್ಣು ಬಿಟ್ಟ ಕುರಿಮರಿಯಂತೆ. “ನಾವು ಹಟ್ಟಿ ಜನ. ಫೋನು ಅನ್ನೋದು ಬೆಳ್ಳಗೈತೋ ಕರ್ರಗೈತೋ, ಆ ರಂಗಪ್ಪನ ಆಣೆಗೂ...”

ಢಣ್. ಢಣ್.

ಎರಡು ಬಡಿತ. ಮಡಿಲಿನ ಅವರೆಕಾಯಿ ನೆಲಕ್ಕೆ ಚೆಲ್ಲಿತು.

“ನಮ್ಮ ಕೇರಿಗೆ!” ಎಂದು ಕಾಳಕ್ಕ ಎದ್ದೇಬಿಟ್ಟಳು. “ನನ್ನ ಮಗಳದೇ ಇರ್ಬೇಕು! ದಾರಿ ಬಿಡ್ರಿ ಸ್ವಾಮಿ, ಐದು ನಿಮಿಷದಾಗೆ ತಿರುಗಿ ಬತ್ತೈತೆ!”

ಆರು ವರ್ಷದ ಅಭ್ಯಾಸ. ದೇವರ ಗಂಟೆಗೆ ಕೈ ಮುಗಿಯುವಂತೆ ಮೈಗೆ ಹತ್ತಿದ್ದು. ಅವಳ ಹಿಂದೆ ಎಂಟು ಬಾಗಿಲು ತೆರೆದು, ಎಂಟು ಮನೆಯವರು ಬೀದಿಗೆ ಬಂದು, ಸಾಹೇಬರನ್ನು ಕಂಡು, ನಿಂತಲ್ಲೇ ಕಲ್ಲಾದರು. ಶ್ರೀನಿವಾಸ್ ಎಲ್ಲರ ಮುಖವನ್ನೂ ನೋಡಿದರು. ಆರು ತಿಂಗಳು ವಿಚಾರಣೆ ಮಾಡಿದರೂ ಸಿಗದ ಸಾಕ್ಷಿ ಒಂದು ಜಾಗಟೆಗೆ ಸಿಕ್ಕಿತ್ತು. ದಾಸಣ್ಣ ಬರೆದದ್ದು ನಿಜ. ಹಾಗಾದರೆ ಫೋನು ಕತ್ತರಿಸಲೇಬೇಕು. ಅವರು ಜೇಬಿನಿಂದ ಬಿಳಿ ಕರವಸ್ತ್ರ ತೆಗೆದರು.

ಅಷ್ಟರಲ್ಲಿ ಜಗುಲಿಯಿಂದ ಜಗುಲಿಗೆ ದಾಟುತ್ತ ಹೆಸರು ಬಂತು. ಬಾವಿಕಟ್ಟೆಯ ಬಳಿಯಿಂದ ಪಾಲಮ್ಮ ಕೂಗಿದಳು:

“ಶ್ರೀನಿವಾಸ ಸಾಹೇಬ್ರಂತೆ! ದುರ್ಗದಿಂದ ಮನೇರಂತೆ! ಜಲ್ದಿ ಬರಬೇಕಂತೆ!”

ಶ್ರೀನಿವಾಸರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ಪ್ರವಾಸ ಹೋಗುವಾಗ ತಾವು ಸಿಗುವ ನಂಬರು ಬರೆದಿಟ್ಟು ಹೋಗಬೇಕೆಂದು ಅವರ ಕಚೇರಿಯ ನಿಯಮ. ಆ ನಿಯಮವನ್ನು ಅವರು ಒಮ್ಮೆಯೂ ತಪ್ಪಿಸಿದವರಲ್ಲ. ಕರಿಬಂಡೆಹಟ್ಟಿಗೆ ಹೊರಡುವ ಮುಂಚೆ ಫೈಲು ನೋಡಿ, ಅದರಲ್ಲಿದ್ದ ಒಂದೇ ನಂಬರನ್ನು ಹಲಗೆಯ ಮೇಲೂ ಮನೆಯ ಕ್ಯಾಲೆಂಡರಿನ ಮೇಲೂ ಬರೆದು ಬಂದಿದ್ದರು.

ಅವರು ಓಡಿದರು. ಕೈಯಲ್ಲಿ ಕರವಸ್ತ್ರ ಹಾಗೇ ಇತ್ತು. ಓಡುವ ರಭಸಕ್ಕೆ ಅದು ಧ್ವಜದಂತೆ ಬೀಸುತ್ತಿತ್ತು. ಕಂಬದ ಮೇಲಿನ ಎರ್ರಿಸ್ವಾಮಿ ಅದನ್ನು ಕಂಡ. ಸೊಂಟದಿಂದ ಇಕ್ಕಳ ತೆಗೆದ.

“ಕಡೀಬ್ಯಾಡ! ಕಡೀಬ್ಯಾಡಲೇ ಎರ್ರಿಸ್ವಾಮಿ!” ಎಂದು ಇಡೀ ಕೇರಿ ಕೂಗುತ್ತ ಸಾಹೇಬರ ಹಿಂದೆ ಓಡಿತು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಸಾಹೇಬರೇ. ಎಲ್ಲರಿಗಿಂತ ಮುಂದೆ ಓಡುತ್ತಿದ್ದವನು ದಾಸಣ್ಣ. ಹೋಗಿ ಕಂಬವನ್ನು ತಬ್ಬಿ, ನಿಂತಲ್ಲಿಂದಲೇ ಕೈ ಚಾಚಿ ಎರ್ರಿಸ್ವಾಮಿಯ ಕಾಲು ಹಿಡಿದ. ಆ ಎತ್ತರ ಜನ್ಮದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.

ಹೊಸಿಲಲ್ಲಿ ಗಂಗಕ್ಕ ನಿಂತಿದ್ದಳು. “ಬೂಟು ಬಿಟ್ಟು ಬರ್ರಿ ಸ್ವಾಮಿ” ಎಂದಳು.

ಅವರು ಬೂಟು ಬಿಟ್ಟು ಒಳಗೆ ಕಾಲಿಡುವುದಕ್ಕೂ ಫೋನು ಎರಡನೆಯ ಸಲ ಹೊಡೆಯುವುದಕ್ಕೂ ಸರಿಹೋಯಿತು. ದೇವರ ಗೂಡಿನ ಮುಂದೆ ಬಗ್ಗಿ, ಕೊಳಗದ ಮೇಲಿನ ಫೋನನ್ನು ಎತ್ತಿದರು. ಅಂಗಳದಲ್ಲಿ ಊರೆಲ್ಲ ನಿಂತು, ಆ ಮನೆಯ ಮರ್ಯಾದೆಯಂತೆ, ಕೇಳಿಸಿದರೂ ಕೇಳಿಸದ ಹಾಗೆ ಬೇರೆ ಕಡೆ ನೋಡಿತು.

“ಯಶೋಧಾ? ... ಅಮ್ಮ ಜ್ವರ ಏರಿ ಬಿದ್ರಾ? ... ಪ್ರಜ್ಞೆ ಇಲ್ವಾ? ... ಇಂಜೆಕ್ಷನ್ನಾ? ತಡಿ, ಕೊಡಬೇಡಿ ಅನ್ನು! ಹೌದು, ಹಿಂದೆ ಹೊಳಲ್ಕೆರೆಯಲ್ಲಿ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತ್ತಲ್ಲ, ಅದೇ. ಪೆನಿಸಿಲಿನ್. ಪೆನಿಸಿಲಿನ್ ಆಗಲ್ಲ ಅಂತ ಡಾಕ್ಟರಿಗೆ ಹೇಳು. ಈಗಲೇ ಹೋಗಿ ಹೇಳು!”

ಇಟ್ಟರು. ಇದ್ದಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕುಳಿತರು. ಗಂಗಕ್ಕ ಮಜ್ಜಿಗೆ ತಂದಿಟ್ಟು, ದೀಪದ ಬತ್ತಿ ಸ್ವಲ್ಪ ಮೇಲಕ್ಕೆ ಸರಿಸಿದಳು. ದೇಶ ಅಳೆಯಲು ಬಂದವರು ಒಂದು ಗಂಟೆ ಹೊತ್ತು ಒಂದೇ ಒಂದು ಫೋನನ್ನು ನೋಡುತ್ತ ಕುಳಿತಿದ್ದರು.

ಅದು ಮತ್ತೆ ಹೊಡೆಯಿತು. ಬೇರೆ ಔಷಧಿ ಕೊಟ್ಟಿದ್ದರು. ತಾಯಿಗೆ ಎಚ್ಚರವಾಗಿತ್ತು; ಮಗ ಎಲ್ಲಿ, ಉಂಡನೋ ಇಲ್ಲವೋ ಎಂದು ಕೇಳುತ್ತಿದ್ದರಂತೆ. ಅಂಗಳದಲ್ಲಿ ನೂರು ಜನ ಒಟ್ಟಿಗೆ ಉಸಿರು ಬಿಟ್ಟರು.

ಶ್ರೀನಿವಾಸ್ ಹೊರಗೆ ಬಂದು ಕಂಬದ ಕಡೆ ನೋಡಿದರು. “ಎರ್ರಿಸ್ವಾಮಿ, ಕರವಸ್ತ್ರ ಕಾಣಲಿಲ್ವಾ?”

“ಕಂಡೆ ಸ್ವಾಮಿ.”

“ಮತ್ತೆ ಯಾಕೆ ಕತ್ತರಿಸಲಿಲ್ಲ? ದಾಸಣ್ಣ ಕಾಲು ಹಿಡಿದಿದ್ದಕ್ಕಾ?”

“ಅಲ್ಲ ಸ್ವಾಮಿ. ಜಾಗಟೆ ಆಗಿತ್ತಲ್ಲ. ಜಾಗಟೆ ಆದ್ಮ್ಯಾಕೆ ಎರಡನೇ ಸಲ ಬರೋದೈತೆ ಅಂತ್ಲೇ. ಅಷ್ಟ್ರಾಗೆ ಕಡಿಯೋದು ಅಂದ್ರೆ ಉಣ್ಣೋರ ಮುಂದಿನ ಎಲೆ ಎಳೆದಂಗೆ.” ಎರ್ರಿಸ್ವಾಮಿ ಕಂಬ ಇಳಿದು, ತಲೆ ಕೆರೆದುಕೊಂಡು, ದನಿ ತಗ್ಗಿಸಿದ. “ಆಮೇಲ್ ಸ್ವಾಮಿ... ನಂಗೆ ಹೆಣ್ಣು ಕೊಟ್ಟಿರೋದು ಈ ಹಟ್ಟಿಯೋರೇ. ನನ್ನ ಮದ್ವೆ ಪತ್ರಿಕೆಯಾಗೂ ಇದೇ ನಂಬರು.”

ಜೀಪಿನಲ್ಲಿ ಬಂದಿದ್ದ ಫಾರಮ್ಮುಗಳ ಕಟ್ಟನ್ನು ದಾಸಣ್ಣ ಜಗುಲಿಯ ಮೇಲೆ ಬಿಚ್ಚಿದ. ಶ್ರೀನಿವಾಸ್ ಪಕ್ಕದಲ್ಲಿ ಕುಳಿತರು. ‘ಸುಳ್ಳು ವರದಿ’ ಎಂದು ತಾವು ಬರೆದಿದ್ದ ಹಾಳೆಯನ್ನು ಹರಿದು ಜೇಬಿಗಿಟ್ಟುಕೊಂಡರು. ಆದರೂ ಅವರು ನಿಯಮದ ಮನುಷ್ಯ. “ನೂರ ಹನ್ನೆರಡು ಅಂತ ಕಳಿಸೋಕಾಗಲ್ಲ ದಾಸಣ್ಣ. ಅವರು ಕೇಳೋದು ಎಷ್ಟು ಮನೇಲಿ ತಂತಿ ಇದೆ ಅಂತ. ಒಂದು ಅಂತ ಬರಿ. ಮನೆಯವರ ಸ್ವಂತ ಬಳಕೆಗೆ. ಲೈನು ಹಾಗೇ ಇರಲಿ ಅಂತ ನಾನು ಬರೀತೀನಿ.”

“ಜಾಗಟೆಗೆ ಕಾಲಮ್ಮಿಲ್ವಾ ಸ್ವಾಮಿ?”

“ಇಲ್ಲ.”

ದಾಸಣ್ಣ ಶಾಯಿ ಅಳಿಸುವ ರಬ್ಬರು ತೆಗೆದು ಒಂದೊಂದಾಗಿ ಉಜ್ಜತೊಡಗಿದ. ಕಾಳಕ್ಕ ಹೋದಳು. ಹಾಲಸ್ವಾಮಿ ಹೋದ. ಪಾಲಮ್ಮ ಹೋದಳು. ಉಜ್ಜುತ್ತ ಉಜ್ಜುತ್ತ ಅವನ ಮುಖ ಸಣ್ಣದಾಯಿತು.

“ಫೋನು ಉಳೀತು, ಸಂತೋಷ. ಆದ್ರೆ ನಮ್ಮ ದೇಶ ಮತ್ತೆ ಸಾಲಿನ ಹಿಂದಕ್ಕೇ ಹೋಯ್ತಲ್ಲ ಸ್ವಾಮಿ.”

ಶ್ರೀನಿವಾಸ್ ಅವನನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದರು.

“ದಾಸಣ್ಣ, ಶಾಲೇಲಿ ನಿನ್ನನ್ನ ಕೊನೇಲಿ ಯಾಕೆ ನಿಲ್ಲಿಸ್ತಿದ್ರು?”

“ಎತ್ತರ ಇದ್ನಲ್ಲ ಸ್ವಾಮಿ.”

ದಾಸಣ್ಣನ ರಬ್ಬರು ಮತ್ತೆ ಚಲಿಸಿತು, ಈ ಸಲ ತುಸು ಹಗುರವಾಗಿ.

ಅದಾಗಿ ಒಂಬತ್ತನೆಯ ದಿನಕ್ಕೆ ರಮ್ಯಾಳಿಗೆ ನೋವು ಬಂತು. ಯಲ್ಲದಕೆರೆಗೆ ಫೋನು ಹೋಯಿತು, ಜೀಪು ಬಂತು, ಹೆಣ್ಣು ಮಗು ಹುಟ್ಟಿತು. ಸೋಮವಾರ ಸಂಜೆ ಮುದ್ದಣ್ಣ ಎಲ್ಲಿಂದಲೋ ಫೋನು ಮಾಡಿದಾಗ ಅಂಗಳದ ತುಂಬ ನಿಂತಿದ್ದ ಊರು ಗಂಗಕ್ಕನಿಗೆ ಬಾಯಿ ತೆರೆಯಲು ಬಿಡದೆ ಒಟ್ಟಿಗೆ ಕೂಗಿ ಸುದ್ದಿ ಹೇಳಿತು. ಫೋನು ಇಲ್ಲದಿದ್ದರೂ ನಾಲೆಯ ಸೀಮೆಗೆ ಕೇಳಿಸುತ್ತಿತ್ತೇನೋ.

ನಾಮಕರಣದ ಕಾರ್ಡು ಚಿತ್ರದುರ್ಗಕ್ಕೂ ಹೋಯಿತು. ಶ್ರೀನಿವಾಸ್ ಹೆಂಡತಿ ಯಶೋಧಾರನ್ನು ಕರೆದುಕೊಂಡೇ ಬಂದರು. ಪಂಕ್ತಿಯಲ್ಲಿ ಕುಳಿತಾಗ ಗಂಗಕ್ಕ ಹೋಳಿಗೆ ಬಡಿಸುತ್ತ ಬಂದಳು. ಶ್ರೀನಿವಾಸ್ ಜೇಬಿನಿಂದ ಕಾರ್ಡು ತೆಗೆದು, ಬುಡದ ಸಾಲಿನ ಮೇಲೆ ಬೆರಳಿಟ್ಟರು.

“ಗಂಗಕ್ಕ, ಊರವರು ಹಾಕ್ತಾರೆ, ಸರಿ. ಇದು ನಿಮ್ಮ ಸ್ವಂತ ಮನೆ ಕಾರ್ಡು, ನಿಮ್ಮ ಸ್ವಂತ ಫೋನು. ಇದರಲ್ಲೂ ಪಿ.ಪಿ. ಅಂತ ಯಾಕೆ ಹಾಕ್ಸಿದೀರಿ?”

“ನಮ್ಮನೆಯಾಗೈತೆ, ಹೌದು” ಎಂದಳು ಗಂಗಕ್ಕ, ಎಲೆಗೆ ತುಪ್ಪ ಬಿಡುತ್ತ. “ಆದ್ರೆ ನಂಗೂ ಬಿಡುವಾದಾಗ್ಲೇ ಸಿಗೋದು ಸ್ವಾಮಿ.”

ಎದುರು ಸಾಲಿನಲ್ಲಿ ಮಂಡಿ ಎಲೆಗೆ ತಾಗದಂತೆ ಹೇಗೋ ಮಡಿಸಿಕೊಂಡು ಕುಳಿತಿದ್ದ ದಾಸಣ್ಣ ತಲೆ ಎತ್ತಿದ. ಅವನ ಮುಖದಲ್ಲಿ ಗಾಬರಿ.

“ಹಂಗಾದ್ರೆ ಆ ಒಂದನ್ನೂ ಅಳಿಸ್ಬೇಕಾ ಸ್ವಾಮಿ?”

ಶ್ರೀನಿವಾಸ್ ಉತ್ತರಿಸಲು ಬಾಯಿ ತೆರೆದರು. ಅಂದು ಫೋನಿನ ಬಳಿ ಕೂರಿಸಿದ್ದ ಪಾಲಮ್ಮ ಹೊರಗೆ ಜಾಗಟೆ ಹೊಡೆದಳು. ಢಣ್. ಢಣ್.

ಹೋಳಿಗೆಯ ಕೈ ಎಲೆಯ ಮೇಲೆ ಹಾಗೇ ನಿಲ್ಲಿಸಿ, ಒಂದು ಮೊಣಕಾಲೂರಿ, ಅಂಕಿಅಂಶದ ಅಧಿಕಾರಿ ಅರ್ಧ ಎದ್ದಿದ್ದರು.

“ಕುಂತ್ಕಳ್ರಿ ಸ್ವಾಮಿ, ಉಣ್ರಿ” ಎಂದಳು ಗಂಗಕ್ಕ. “ಇದು ಕಾಳಕ್ಕಂಗೆ.”